ಟಾನಿಕ್ ಬೇಡ, ಗೆಳತಿಯರನ್ನು ಮರಳಿ ಕೊಡಿ

ಪ್ರಶ್ನೆ: ಮಗಳು ಹತ್ತನೇ ತರಗತಿಯವರೆಗೆ ಕಾಪುವಿನಲ್ಲೇ ಓದಿದಳು. ಈಗ ಮಂಗಳೂರಿನಲ್ಲಿ ಪ್ರಥಮ ಪಿಯುಸಿ, ಜೊತೆಗೆ ನೀಟ್ ಕೋಚಿಂಗ್. ಓದು ಕೆಡಬಾರದೆಂದು ಮೊಬೈಲ್ ತೆಗೆದಿಟ್ಟಿದ್ದೇವೆ, ಗೆಳತಿಯರ ಜೊತೆಗಿನ ಯಕ್ಷಗಾನ ತರಗತಿ ಬಿಡಿಸಿದ್ದೇವೆ, ಹಳೆಯ ಗೆಳತಿಯರ ಮನೆಗೂ ಕಳುಹಿಸುವುದಿಲ್ಲ. ಎರಡು ವರ್ಷದ ಮಾತಲ್ಲವೇ? ಆದರೆ ಈಚೆಗೆ ಪದೇಪದೇ ತಲೆನೋವು, ಹೊಟ್ಟೆನೋವು ಎನ್ನುತ್ತಾಳೆ. ರಕ್ತ, ಕಣ್ಣು, ಸ್ಕ್ಯಾನಿಂಗ್ ಎಲ್ಲವೂ ಸರಿಯಿದೆ. ಯಾವ ಟಾನಿಕ್ ಕೊಡಬಹುದು?

ಉತ್ತರ: ಯಾವುದೂ ಬೇಡ. ಕಾರಣವಿರಬಹುದಾದ ಸಂಗತಿಯನ್ನು ನೀವೇ ಮೊದಲು ಬರೆದು, ಕೊನೆಯಲ್ಲಿ ಔಷಧಿ ಕೇಳಿದ್ದೀರಿ. ಕಾಲೇಜು ಶುರುವಾಗಿ ದಸರಾ ರಜೆ ಹತ್ತಿರವಾಗುವಾಗ ಇಂಥ ಪತ್ರಗಳು ತಪ್ಪದೆ ಬರುತ್ತವೆ. ಊರಿನ ಹೆಸರು ಬದಲಾಗುತ್ತದೆ, ‘ಎರಡು ವರ್ಷ ತಾನೇ’ ಎಂಬ ಮಾತು ಬದಲಾಗುವುದಿಲ್ಲ. ಆ ಮಾತಿನ ಮೇಲೆ ನನಗೆ ಸಿಟ್ಟಿದೆ.

ಮೊದಲಿಗೆ, ಅವಳ ನೋವು ನಾಟಕವಲ್ಲ. ಒತ್ತಡ ದಿನಗಟ್ಟಲೆ ಇಳಿಯದಿದ್ದರೆ ಕುತ್ತಿಗೆ, ನೆತ್ತಿಯ ಸ್ನಾಯುಗಳು ಬಿಗಿಯುತ್ತವೆ, ಕರುಳಿನ ಚಲನೆ ಏರುಪೇರಾಗುತ್ತದೆ, ನಿದ್ದೆ ಹರಿದುಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇವು ಕಾಣುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 267 ಹುಡುಗರನ್ನು ಬಾಲ್ಯದಿಂದ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಆರರಿಂದ ಹದಿನಾರನೇ ವಯಸ್ಸಿನವರೆಗೆ ಗೆಳೆಯರ ಜೊತೆ ಹೆಚ್ಚು ಹೊತ್ತು ಕಳೆದವರಿಗೆ 32ನೇ ವಯಸ್ಸಿನಲ್ಲಿ ರಕ್ತದೊತ್ತಡವೂ ಎತ್ತರಕ್ಕೆ ತಕ್ಕ ತೂಕದ ಅಳತೆಯೂ ಕೊಂಚ ಕಡಿಮೆ ಇದ್ದವು. ಬಾಲ್ಯದ ತೂಕ, ಸ್ವಭಾವ, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯಿತು. ಅದಕ್ಕೂ ಮೊದಲು, 2016ರಲ್ಲಿ, ಉತ್ತರ ಕ್ಯಾರೊಲಿನಾದ ಸಂಶೋಧಕರು ಹದಿಹರೆಯದ ಒಂಟಿತನಕ್ಕೂ ದೇಹದೊಳಗಿನ ಉರಿಯೂತಕ್ಕೂ (ಗಾಯ, ಸೋಂಕಿನ ವಿರುದ್ಧ ದೇಹ ಹೂಡುವ ಹೋರಾಟ ಒಳಗೇ ಮುಂದುವರಿಯುವುದು) ನಂಟಿರುವುದನ್ನು ತೋರಿಸಿದ್ದರು. ವ್ಯಾಯಾಮವಿಲ್ಲದಿರುವುದರಿಂದ ಉರಿಯೂತದ ಅಪಾಯ ಎಷ್ಟೋ, ಆ ವಯಸ್ಸಿನಲ್ಲಿ ಒಂಟಿಯಾಗಿರುವುದರಿಂದಲೂ ಹೆಚ್ಚುಕಡಿಮೆ ಅಷ್ಟೇ. ಇಂಥ ಉರಿಯೂತವೇ ವರ್ಷಗಳ ಮೇಲೆ ಹೃದಯದ ರಕ್ತನಾಳಗಳನ್ನು ಕೆಡಿಸುವುದರಲ್ಲಿ ಪಾಲು ಪಡೆಯುತ್ತದೆ. ಇವು ನಂಟನ್ನು ತೋರಿಸುವ ಅಧ್ಯಯನಗಳು, ಕಾರಣವನ್ನು ಸಾಬೀತುಪಡಿಸುವಂಥವಲ್ಲ. ಆದರೂ, ಗೆಳೆತನವನ್ನು ಕತ್ತರಿಸಿದರೆ ದೇಹಕ್ಕೆ ಏನೂ ಆಗದು ಎಂದು ಧೈರ್ಯವಾಗಿ ಹೇಳುವ ವೈದ್ಯ ನಾನಲ್ಲ.

‘ಸಹವಾಸ ಕೆಡಿಸುತ್ತದೆ’ ಎಂಬ ಭಯ ನನಗೆ ಅರ್ಥವಾಗುತ್ತದೆ. ಸಿಗರೇಟು ಶುರುವಾಗುವುದೂ ಗೆಳೆಯರ ನಡುವೆಯೇ. ಆದರೆ ವರ್ಜೀನಿಯಾದಲ್ಲಿ 171 ಮಂದಿಯನ್ನು 13ರಿಂದ 27ನೇ ವಯಸ್ಸಿನವರೆಗೆ ಗಮನಿಸಿದಾಗ, ಹದಿಹರೆಯದಲ್ಲಿ ಆಪ್ತ ಗೆಳೆತನವಿದ್ದವರ, ಗೆಳೆಯರ ಜೊತೆ ಹೊಂದಿಕೊಂಡು ನಡೆದವರ ಆರೋಗ್ಯವೇ ಮುಂದೆ ಚೆನ್ನಾಗಿತ್ತು. ನಿಮ್ಮ ಮಗಳ ಗೆಳತಿಯರು ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದವರು. ಅವರಿಂದ ಯಾವ ಕೇಡು ಬಂದಿತ್ತೆಂದು ನೀವು ಬರೆದಿಲ್ಲ.

ಈ ವಾರವೇ ಯಕ್ಷಗಾನ ತರಗತಿಗೆ ಮತ್ತೆ ಸೇರಿಸಿ. ಈ ವಯಸ್ಸಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷದ ವ್ಯಾಯಾಮ. ಚೆಂಡೆಯ ಪೆಟ್ಟಿಗೆ ಕುಣಿದವರಿಗೆ ಅದು ಎಷ್ಟು ಬೆವರು ಕೇಳುತ್ತದೆಂದು ಗೊತ್ತು. ಸಂಜೆ ಅರ್ಧ ಗಂಟೆ ಮೊಬೈಲ್ ಕೊಡಿ, ಪಕ್ಕದಲ್ಲಿ ಕುಳಿತು ಕಿವಿಗೊಡಬೇಡಿ. ಭಾನುವಾರ ಗೆಳತಿಯರ ಮನೆಗೆ ಹೋಗಲಿ, ಅವರೂ ನಿಮ್ಮ ಮನೆಗೆ ಬರಲಿ. ತಿಂಗಳೊಳಗೆ ನೋವು ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರ ಬಳಿ ಮತ್ತೆ ಹೋಗಿ. ತಲೆನೋವು ನಿದ್ದೆಯಿಂದ ಎಬ್ಬಿಸಿದರೆ, ಬೆಳಗ್ಗೆ ವಾಂತಿಯಾದರೆ, ತೂಕ ಇಳಿದರೆ ಒಂದು ದಿನವೂ ಕಾಯಬೇಡಿ. ‘ಬದುಕೇ ಬೇಡ’ ಎಂಬ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ಮಗ ಯಾರೊಂದಿಗೂ ಬೆರೆಯುವುದಿಲ್ಲ. ಪರಿಚಿತರೊಬ್ಬರು ‘ಕಾರ್ಟಿಸಾಲ್ ಇಳಿಸುವ ಚೂರ್ಣ’ ಕೊಟ್ಟಿದ್ದಾರೆ. ಮೂರು ತಿಂಗಳು ಕೊಟ್ಟಾಯಿತು, ಮುಖ ತುಂಬಿಕೊಂಡಿದೆ. ಮುಂದುವರಿಸಬಹುದೇ? (ಉಡುಪಿ)

ಉತ್ತರ: ಒತ್ತಡದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗ್ಗೆ ಏರಿ ರಾತ್ರಿ ಇಳಿಯಬೇಕು, ಅದಿಲ್ಲದೆ ಜೀವ ಉಳಿಯದು. ಅದನ್ನು ಚೂರ್ಣದಿಂದ ಇಳಿಸಿ ಹುಡುಗನಿಗೆ ಗೆಳೆಯರನ್ನು ದೊರಕಿಸುತ್ತೇನೆ ಎನ್ನುವವನು ನಿಮ್ಮ ಭಯವನ್ನು ಹಣ ಮಾಡಿಕೊಳ್ಳುತ್ತಿದ್ದಾನೆ. ಮುಖ ತುಂಬಿಕೊಂಡಿರುವುದನ್ನು ಓದಿ ನನಗೆ ಆತಂಕವಾಗಿದೆ. ಹೆಸರಿಲ್ಲದ ಪುಡಿಗಳಲ್ಲಿ ಹೀಗೆ ಮುಖ ಊದಿಸುವ ಸ್ಟೀರಾಯ್ಡ್ ಬೆರೆಸುವುದುಂಟು, ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣದ ಸಮೇತ ಮಗನನ್ನು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಮಗಳಿಗೆ ಆರುನೂರು ಸ್ನೇಹಿತರಿದ್ದಾರೆ. ಸಾಲದೇ? (ಸುರತ್ಕಲ್)

ಉತ್ತರ: ಜ್ವರ ಬಂದಾಗ ಅವರಲ್ಲಿ ಯಾರು ಮನೆಗೆ ಬಂದರೆಂದು ಅವಳನ್ನೇ ಕೇಳಿ.

ಪ್ರಶ್ನೆ: ಹದಿನಾಲ್ಕರ ಮಗನಿಗೆ ಒಬ್ಬನೇ ಗೆಳೆಯ. ಚಿಕಿತ್ಸೆ ಬೇಕೇ? (ಮಲ್ಪೆ)

ಉತ್ತರ: ಬೇಡ. ಆ ಗೆಳೆಯನನ್ನು ಒಮ್ಮೆ ಊಟಕ್ಕೆ ಕರೆಯಿರಿ.