ಡೈವಿಂಗ್ ಆಪ್‌ನಲ್ಲಿ ಎಸ್‌ಒಎಸ್ ಬಟನ್ ಇದ್ದರೆ ಸಾಕಾ?

ಸ್ಕೂಬಾ ಡೈವಿಂಗ್ ಕಲಿಯುವವರ ಮೊದಲ ಮೆಟ್ಟಿಲಾದ ಓಪನ್ ವಾಟರ್ ಕೋರ್ಸ್ ಈಗಷ್ಟೇ ಮುಗಿದಿದೆ, ಡಿಸೆಂಬರ್‌ನಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗುತ್ತಿದ್ದೀರಿ, ಎರಡು ಆಪ್ ನೋಡಿಟ್ಟಿದ್ದೀರಿ. ಒಂದರಲ್ಲಿ ದೊಡ್ಡ ಕೆಂಪು ಎಸ್‌ಒಎಸ್ ಬಟನ್ ಇದೆ, ಅದಕ್ಕೆ ದುಡ್ಡು ಕೊಡಬಹುದಾ ಅಂತ ಕೇಳಿದ್ದೀರಿ. ಆ ಬಟನ್‌ಗೋಸ್ಕರ ಆದರೆ ಬೇಡ.

ನೀವು ನೀರಿಗಿಳಿದಾಗ ಫೋನ್ ಎಲ್ಲಿರುತ್ತದೆ ಹೇಳಿ? ಬೋಟಿನಲ್ಲಿ, ಬ್ಯಾಗಿನೊಳಗೆ, ಟವೆಲ್ ಅಡಿಯಲ್ಲಿ. ವಾಟರ್‌ಪ್ರೂಫ್ ಕವಚ ಹಾಕಿ ಒಯ್ದರೂ ಸಮುದ್ರದ ನೀರೊಳಗೆ ಜಿಪಿಎಸ್ ಕೆಲಸ ಮಾಡುವುದಿಲ್ಲ, ನೆಟ್‌ವರ್ಕ್ ಅಂತೂ ಇಲ್ಲವೇ ಇಲ್ಲ. ರೇಡಿಯೊ ಅಲೆಗಳನ್ನು ಉಪ್ಪುನೀರು ನುಂಗಿಬಿಡುತ್ತದೆ. ನೀರಲ್ಲಿ ದೂರ ಹೋಗುವುದು ಶಬ್ದ ಮಾತ್ರ. ಅದನ್ನೇ ಹಿಡಿದು 2022ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಕ್ವಾಆಪ್ ಅಂತ ಒಂದು ಮಾಡಿದರು. ಫೋನಿನ ಸ್ಪೀಕರ್, ಮೈಕ್ ಬಳಸಿಯೇ ಸುಮಾರು 30 ಮೀಟರ್ ದೂರಕ್ಕೆ ಸಿದ್ಧ ಸಂದೇಶ ಕಳಿಸುತ್ತದೆ. ಚಂದದ ಕೆಲಸ. ಆದರೆ ನಿಮ್ಮ ಬಡ್ಡಿ, ಅಂದರೆ ಜೊತೆಗೆ ಇಳಿಯುವ ಡೈವರ್ ಕೈಯಲ್ಲೂ ಅದೇ ಇರಬೇಕಲ್ಲ! ಸದ್ಯಕ್ಕೆ ಕೈಸನ್ನೆಯೇ ಗತಿ.

ನನಗೆ ಆದದ್ದು ಹೇಳುತ್ತೇನೆ. ಒಂದು ಡೈವ್ ಮುಗಿಸಿ ಮೇಲೆ ಬಂದಾಗ ಸೆಳೆತ ನಮ್ಮಿಬ್ಬರನ್ನೂ ದೂರ ತಳ್ಳಿತ್ತು. ಬೋಟ್ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಸೀಟಿ ಊದಿದೆವು, ಎಂಜಿನ್ ಸದ್ದಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ನನ್ನ ಬಡ್ಡಿ ಕಿತ್ತಳೆ ಬಣ್ಣದ ಸರ್ಫೇಸ್ ಮಾರ್ಕರ್ (ದೂರಕ್ಕೆ ಕಾಣಲೆಂದು ಗಾಳಿ ತುಂಬುವ ಉದ್ದ ಚೀಲ) ಊದಿ ನೆಟ್ಟಗೆ ಹಿಡಿದ ಮೇಲೆ ಒಬ್ಬ ಹುಡುಗನ ಕಣ್ಣಿಗೆ ಬಿದ್ದೆವು. ಹತ್ತಿದ ಮೇಲೆ ಬೋಟಿನವರ ಮೇಲೆ ರೇಗಿದೆ. ಅವರು ಶಾಂತವಾಗಿ, "ನೀವು ಎಷ್ಟೊತ್ತಿಗೆ ಮೇಲೆ ಬರ್ತೀರಿ ಅಂತ ನಮ್ಗೆ ಯಾರೂ ಹೇಳ್ಲೇ ಇಲ್ಲಲ್ಲ ಮಾರಾಯ್ರೆ" ಅಂದರು. ಅದೆಲ್ಲ ನನ್ನ ಆಪ್‌ನಲ್ಲಿತ್ತು. ಇಂಗ್ಲಿಷಿನಲ್ಲಿ, ಲಾಕ್ ಆದ ಫೋನಿನಲ್ಲಿ!

ಅವತ್ತಿನಿಂದ ಆಪ್ ನೋಡುವಾಗ ನನ್ನ ಪ್ರಶ್ನೆ ಒಂದೇ: ಬೋಟಿನಲ್ಲಿ ಉಳಿದವರಿಗೆ ಇದರಿಂದ ಏನು ಸಿಗುತ್ತದೆ? ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್ ಲಾಕ್ ಸ್ಕ್ರೀನಿನ ಮೇಲೇ ತೆರೆಯಬೇಕು. ಇದಕ್ಕೆ ಡೈವಿಂಗ್ ಆಪ್ ಕೂಡ ಬೇಕಿಲ್ಲ, ಈಗಿನ ಫೋನುಗಳಲ್ಲೇ ಇದೆ. ನೆಟ್ ಇಲ್ಲದೆಯೂ ಎಲ್ಲ ಪುಟ ತೆರೆಯಬೇಕು; ಹೊರಡುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ ಪರೀಕ್ಷಿಸಿ. ಇಳಿದ ಹೊತ್ತು, ಮೇಲೆ ಬರಬೇಕಾದ ಹೊತ್ತು ಹಾಕಿದರೆ, ದಾಟಿದ ಕೂಡಲೇ ಜೋರಾಗಿ ಕೂಗುವ ಅಲಾರಂ ಇದ್ದರೆ ಅದಕ್ಕೆ ಬೇಕಾದರೆ ದುಡ್ಡು ಕೊಡಿ. ಫೋನನ್ನು ಬೋಟಿನವರ ಕೈಗೇ ಕೊಟ್ಟು ಇಳಿಯಿರಿ. ನಾನಂತೂ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದೂ ಕೊಡುತ್ತೇನೆ: ಎಷ್ಟು ಜನ, ಎಷ್ಟು ಗಂಟೆಗೆ ಮೇಲೆ, ಕೋಸ್ಟ್ ಗಾರ್ಡ್ 1554, ಆಂಬುಲೆನ್ಸ್ 108. ದಡದಿಂದ ದೂರ ಹೋದಂತೆ ಸಿಗ್ನಲ್ ನಂಬುವ ಹಾಗಿಲ್ಲ, ಹಾಗಾಗಿ ಬೋಟಿನಲ್ಲಿ ವಿಎಚ್ಎಫ್ ರೇಡಿಯೊ (ಹಡಗು, ಬೋಟಿನವರು ಮಾತಾಡುವ ವಾಕಿಟಾಕಿಯಂಥದ್ದು) ಇದೆಯಾ ಅಂತಲೂ ಕೇಳಿ. ತುರ್ತಿಗೆ ಚಾನೆಲ್ 16.

ಜಾಗ ಗುರುತಿಸುವ ಬಟನ್ ಒಳ್ಳೆಯದೇ, ಆದರೆ ಅಲ್ಲೊಂದು ಸಿಕ್ಕು ಇದೆ. ಮ್ಯಾಪುಗಳು ರೇಖಾಂಶವನ್ನು 74.33 ಅಂತ ದಶಾಂಶದಲ್ಲಿ ತೋರಿಸುತ್ತವೆ. ಸಮುದ್ರದವರು ರೇಡಿಯೊದಲ್ಲಿ ಹೇಳುವುದು ಡಿಗ್ರಿ, ಮಿನಿಟ್‌ಗಳಲ್ಲಿ. 74.33 ಅಂದರೆ 74 ಡಿಗ್ರಿ 19.8 ಮಿನಿಟ್. ಗಡಿಬಿಡಿಯಲ್ಲಿ "74 ಡಿಗ್ರಿ 33" ಅಂದುಬಿಟ್ಟರೆ ನೇತ್ರಾಣಿ ಹತ್ತಿರದ ಜಾಗ 20 ಕಿ.ಮೀ.ಗೂ ಜಾಸ್ತಿ ಪೂರ್ವಕ್ಕೆ ಸರಿದು ಭಟ್ಕಳದ ಕಡೆ ನೆಲದ ಮೇಲೆ ಬಂದು ಕೂರುತ್ತದೆ. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಬದಲಿಸಬಹುದಾ ನೋಡಿ.

ಹಾಗಾದರೆ ಮೊಬೈಲ್ ಸಿಗ್ನಲ್ ಇಲ್ಲದೆ ಉಪಗ್ರಹದ ಮೂಲಕವೇ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ತರಿಸಿಕೊಳ್ಳೋಣ ಅಂತೀರೇನೋ. ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಏರ್‌ಪೋರ್ಟಿನಲ್ಲೇ ಹಿಡಿದಿರುವ ಪ್ರಕರಣಗಳಿವೆ. ಆ ದುಡ್ಡಿಗೆ ಒಳ್ಳೆಯ ಮಾರ್ಕರ್, ಒಂದು ಟಾರ್ಚ್ ತಗೊಳ್ಳಿ.

ಇನ್ನು ಯಾರೂ ಕೇಳದ, ಆದರೆ ನಮ್ಮ ಕಡೆಯವರಿಗೆ ತುಂಬಾ ಬೇಕಾದ ಸೌಲಭ್ಯ ಒಂದಿದೆ: ನೋ-ಫ್ಲೈ ಟೈಮರ್. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ವಿಮಾನ ಹತ್ತಬೇಡಿ ಅನ್ನುತ್ತದೆ ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್. ಮೈಯಲ್ಲಿ ಕರಗಿರುವ ನೈಟ್ರೋಜನ್, ಹೊರಗಿನ ಒತ್ತಡ ಕಡಿಮೆ ಆದಾಗ ಗುಳ್ಳೆ ಕಟ್ಟುತ್ತದೆ, ಅದಕ್ಕೇ. "ನಾನು ಬಸ್ಸಲ್ಲಿ ಬಂದಿದ್ದೇನಲ್ಲ" ಅನ್ನಬೇಡಿ. ಆ ಲೆಕ್ಕ 600 ಮೀಟರ್ ಎತ್ತರದಿಂದಲೇ ಶುರು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಮೇಲೆ. ಬೆಳಿಗ್ಗೆ ಎರಡು ಡೈವ್ ಮಾಡಿ, ರಾತ್ರಿ ಸ್ಲೀಪರ್ ಹತ್ತಿ ಘಟ್ಟ ಏರುವವರು ಎಷ್ಟು ಜನ! ಭುಜ ನೋವು, ಕೈ ಜುಮ್ ಅನ್ನುವುದು ಶುರುವಾದರೆ ಬಸ್ಸಿನ ಸೀಟಿನ ಮೇಲೆ ತಪ್ಪು ಹಾಕಿ ಮಲಗಿಬಿಡುತ್ತಾರೆ. ಹಾಗಾದರೆ ಇಳಿದು ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಿ, ಆಕ್ಸಿಜನ್ ಕೇಳಿ. ಎಷ್ಟು ಆಳ, ಎಷ್ಟು ಹೊತ್ತು ಎಂಬ ಲಾಗ್ ಆಪ್‌ನಲ್ಲಿದ್ದರೆ ಆಗ ಅದನ್ನು ಡಾಕ್ಟರ್ ಮುಂದೆ ಹಿಡಿಯಬಹುದು.

ನಾನು ಈಗ ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೇ ಉಳಿಯುತ್ತೇನೆ. ಬಸ್ಸು ಮಾರನೇ ದಿನ, ತಿಂಡಿ ಆದ ಮೇಲೆ.