ಡ್ರೈಯರ್ ಅವರ ‘ವಾಂಪೀರ್’: ಯಾವ ಪ್ರತಿ, ಯಾವ ಕತೆ?

ನಿಮ್ಮ ಪ್ರಶ್ನೆ ಎರಡು. ಡೆನ್ಮಾರ್ಕ್‌ನ ನಿರ್ದೇಶಕ ಕಾರ್ಲ್ ಡ್ರೈಯರ್ ಅವರ 1932ರ ‘ವಾಂಪೀರ್’ ಚಿತ್ರದ ಪ್ರತಿಗಳು ಒಂದಕ್ಕೊಂದು ಯಾಕೆ ಹೊಂದೋದಿಲ್ಲ? ಅದು ‘ಡ್ರಾಕುಲಾ’ದಿಂದ ಬಂದದ್ದಾ?

ಡ್ರಾಕುಲಾ ಅಲ್ಲ. ಐರಿಶ್ ಲೇಖಕ ಶೆರಿಡನ್ ಲೆ ಫಾನು ಅವರ 1872ರ ಕಥಾಸಂಕಲನ ‘ಇನ್ ಎ ಗ್ಲಾಸ್ ಡಾರ್ಕ್ಲಿ’ಯಿಂದ ಬಂದದ್ದು. ಎಲ್ಲರೂ ಅದರಲ್ಲಿನ ‘ಕಾರ್ಮಿಲಾ’ ಕತೆಯ ಹೆಸರು ಹೇಳುತ್ತಾರೆ. ಆದರೆ ಆ ಕತೆಯಲ್ಲಿ ರಕ್ತ ಹೀರುವ ಕಾರ್ಮಿಲಾ ಚೆಲುವೆ. ಚಿತ್ರದಲ್ಲಿ ರಕ್ತ ಹೀರುವವಳು ಹಣ್ಣುಹಣ್ಣು ಮುದುಕಿ! ನನಗೆ ಜಾಸ್ತಿ ಹತ್ತಿರ ಅನ್ನಿಸೋದು ಅದೇ ಪುಸ್ತಕದ ‘ದಿ ರೂಮ್ ಇನ್ ದಿ ಡ್ರ್ಯಾಗನ್ ವೊಲಾಂಟ್’. ಅದರಲ್ಲಿ ನಾಯಕನಿಗೆ ಮದ್ದು ಹಾಕಿ, ಎಚ್ಚರ ಇರುವಾಗಲೇ ಶವಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಕೈಕಾಲು ಆಡೋದಿಲ್ಲ, ಆದರೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ಚಿತ್ರದಲ್ಲಿ ಪೆಟ್ಟಿಗೆಯ ಗಾಜಿನ ಕಿಂಡಿಯಿಂದ ಆಕಾಶ, ಮರಗಳು ಸರಿದುಹೋಗುವ ದೃಶ್ಯ ಇದೆಯಲ್ಲ, ಅದರ ಬೇರು ಇಲ್ಲೇ ಅಲ್ವಾ? (ರಾತ್ರಿ ಒಬ್ಬನೇ ನೋಡಿ ಕೆಟ್ಟೆ.)

ಇನ್ನು ಪ್ರತಿಗಳು. ಒಂದೇ ಚಿತ್ರವನ್ನು ಹಲವು ಭಾಷೆಗಳಿಗೆ ಅಂತ ತೆಗೆದರು, ಧ್ವನಿ ಆಮೇಲೆ ಸೇರಿಸಿದರು. ಜರ್ಮನ್ ಸೆನ್ಸಾರ್‌ನವರು ಎರಡು ಸಾವುಗಳಿಗೆ ಕತ್ತರಿ ಹಾಕಿದರು: ಮುದುಕಿಗೆ ಗೂಟ ಹೊಡೆಯೋದು, ಅವಳಿಗೆ ನೆರವಾಗುವ ಡಾಕ್ಟರ್ ಗಿರಣಿಯ ಹಿಟ್ಟಿನಲ್ಲಿ ಉಸಿರುಗಟ್ಟಿ ಸಾಯೋದು. ಮೂಲ ನೆಗೆಟಿವ್ ಉಳಿದಿಲ್ಲ. 1998ರಲ್ಲಿ ಜರ್ಮನ್, ಫ್ರೆಂಚ್ ಪ್ರತಿಗಳನ್ನು ಸೇರಿಸಿ ಚಿತ್ರವನ್ನು ಮತ್ತೆ ಕಟ್ಟಿದರು. ನೀವು ಅದನ್ನೇ ಹುಡುಕಿ. ಕತ್ತರಿಸಿದ ತುಣುಕುಗಳು ಕೆಲವು ಡಿಸ್ಕ್‌ಗಳಲ್ಲಿ ಬೇರೆಯಾಗಿ ಸಿಗುತ್ತವೆ.