ಪಂಪು ಹಾಳಾಗಿಲ್ಲ, ಗುಂಡಿ ತಿರುಗಿಸಿ

ಪ್ರಶ್ನೆ: ನನ್ನದು ಬೆನ್ನಿಗೆ ಹಾಕುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್. ತೋಟದ ಹುಲ್ಲಿಗೂ ಕಾಳುಮೆಣಸಿನ ಬಳ್ಳಿಗೂ ಇದೇ. ಸಣ್ಣ ನಾಝಲ್ ಹಾಕಿದರೆ ಮದ್ದು ಬಿಟ್ಟು ಬಿಟ್ಟು ಬರುತ್ತದೆ. ಬ್ಯಾಟರಿ ಇಳಿದ ಹಾಗೆ ರಭಸವೂ ಇಳಿಯುತ್ತದೆ. ಪಂಪು ಬದಲಿಸಬೇಕಾ ಅಣ್ಣ?
— ಓದುಗರು, ಪೆರ್ಲ

ಉತ್ತರ: ಬೇಡ ಮಾರಾಯ್ರೆ, ದುಡ್ಡು ಉಳಿಸಿ. ಈ ದೂರು ಹೊತ್ತು ನನ್ನ ಅಂಗಡಿಗೆ ಬರುವ ಪಂಪುಗಳಲ್ಲಿ ಜಾಸ್ತಿಯವು ಸರಿಯಾಗಿಯೇ ಇರುತ್ತವೆ. ಪಂಪಿನ ತಲೆಯಲ್ಲಿ ಒಂದು ಒತ್ತಡದ ಸ್ವಿಚ್ ಇದೆ. ಪಂಪು ತಳ್ಳುವಷ್ಟು ನೀರು ಸಣ್ಣ ನಾಝಲಿನಲ್ಲಿ ಹೊರಗೆ ಹೋಗದಿದ್ದರೆ ಒತ್ತಡ ಏರುತ್ತದೆ, ಸ್ವಿಚ್ ಮೋಟಾರ್ ನಿಲ್ಲಿಸುತ್ತದೆ. ಇಳಿದ ಕೂಡಲೇ ಮತ್ತೆ ಚಾಲು. ಆ ಟುಕ್ ಟುಕ್ ನಿಲ್ಲುವವರೆಗೆ ವೇಗದ ಗುಂಡಿಯನ್ನು ಕಡಿಮೆ ಮಾಡಿ.

ಆದರೆ ಗುಂಡಿ ತಿರುಗಿಸಿದರೆ ಬದಲಾಗುವುದು ಮೋಟಾರಿನ ವೇಗ ಮಾತ್ರ. ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಕೆಲಸ ಅದರದ್ದಲ್ಲ. ಅದಕ್ಕೆ ನಾಝಲಿನ ಹಿಂದೆ ಹಾಕುವ ಸಣ್ಣ ಕಂಟ್ರೋಲ್ ವಾಲ್ವ್ ಸಿಗುತ್ತದೆ. 1, 1.5, 2, 3 ಬಾರ್ (ಒತ್ತಡದ ಅಳತೆ) ಎಂದು ಬೇರೆ ಬೇರೆ. ಒಳಗಿನ ಸ್ಪ್ರಿಂಗ್ ಮತ್ತು ರಬ್ಬರ್ ಪೊರೆ ಹೆಚ್ಚಿನ ಒತ್ತಡವನ್ನು ತಡೆಯುತ್ತವೆ. ಒತ್ತಡ ಸಾಲದಿದ್ದರೆ ಬಾಯಿ ಮುಚ್ಚುತ್ತವೆ, ಹನಿ ತೊಟ್ಟಿಕ್ಕುವುದಿಲ್ಲ. ಹುಲ್ಲಿನ ಮದ್ದಿಗೆ 1 ಅಥವಾ 1.5 ಸಾಕು. ಬಳ್ಳಿಯ ಎಲೆಗೆ 3 ಹಾಕಬಹುದು. ಬ್ಯಾಟರಿ ತೀರಾ ಇಳಿದರೆ ಮಾತ್ರ ಇದೂ ಕೈಕೊಡುತ್ತದೆ. ಇಲ್ಲದ ಒತ್ತಡವನ್ನು ವಾಲ್ವ್ ಎಲ್ಲಿಂದ ತರುತ್ತದೆ ಹೇಳಿ?

ಜಾಸ್ತಿ ಮದ್ದು ಬೇಕು ಅಂತ ಒತ್ತಡ ಏರಿಸಬೇಡಿ. ಎರಡು ಪಟ್ಟು ನೀರು ಬರಬೇಕಾದರೆ ನಾಲ್ಕು ಪಟ್ಟು ಒತ್ತಡ ಬೇಕು. ಅಷ್ಟರಲ್ಲಿ ಹನಿ ಮಂಜಿನ ಹಾಗೆ ಸಣ್ಣದಾಗಿ ಪಕ್ಕದ ತೋಟಕ್ಕೆ ಹಾರಿಹೋಗುತ್ತದೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಕಾಸರಗೋಡಿನವರು ನಾವು, ಗಾಳಿಯಲ್ಲಿ ಹೋಗುವ ಮದ್ದಿನ ವಿಷಯ ಜಾಸ್ತಿ ಹೇಳಬೇಕಿಲ್ಲ ಅಲ್ವಾ? ದೊಡ್ಡ ತೂತಿನ ನಾಝಲ್ ಹಾಕಿ, ಅಷ್ಟೇ.

ಒಮ್ಮೆ ಬರೀ ನೀರು ತುಂಬಿಸಿ, ಒಂದು ನಿಮಿಷ ಅಳತೆಯ ಜಗ್ಗಿಗೆ ಬಿಟ್ಟು ನೋಡಿ. ಅದೇ ಒತ್ತಡದಲ್ಲಿ ಹೊಸ ನಾಝಲ್‌ಗಿಂತ ಹಳೆಯದರಲ್ಲಿ ಶೇ. 10ಕ್ಕಿಂತ ಜಾಸ್ತಿ ಬಂದರೆ ತೂತು ಸವೆದಿದೆ, ಎಸೆಯಿರಿ. ನಾಝಲ್ ಕಟ್ಟಿಕೊಂಡರೆ ಪಿನ್ನು ಹಾಕಿ ಚುಚ್ಚಬೇಡಿ. ಬಾಯಿಟ್ಟು ಊದುವುದಂತೂ ಬೇಡವೇ ಬೇಡ. ಹಳೇ ಹಲ್ಲುಜ್ಜುವ ಬ್ರಷ್ ಇದ್ದರೆ ಸಾಕು.

ಪ್ರಶ್ನೆ: ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಬೆನ್ನಿನ ಸ್ಪ್ರೇಯರಿನಲ್ಲೇ ಬಿಡಬಹುದೇ?
— ಓದುಗರು, ಮಂಜೇಶ್ವರ

ಉತ್ತರ: ಕೈಗೆಟಕುವ ಗಿಡಗಳಿಗೆ ಸರಿ. ಎತ್ತರದ ಅಡಿಕೆ ಮರದ ಗೊನೆಗೆ ಇದರ ಒತ್ತಡ ಏನೂ ಸಾಲದು, ಅದಕ್ಕೆ ದೊಡ್ಡ ಪಂಪೇ ಬೇಕು. ಸುಣ್ಣದ ಕಸ ಜಾಲರಿ ಕಟ್ಟಿಸುತ್ತದೆ, ಬಟ್ಟೆಯಲ್ಲಿ ಸೋಸಿಯೇ ಹಾಕಿ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕಿಗೆ ಒಳ್ಳೇ ನೀರು ತುಂಬಿಸಿ, ನಾಝಲಿನಲ್ಲಿ ತಿಳಿ ನೀರು ಬರುವವರೆಗೆ ಪಂಪು ಓಡಿಸಿ.